24 ಗಂಟೆಗಳ ಉಪವಾಸ, 700 ಊಟ

ಏಕಾದಶಿಯ ಉಪವಾಸವನ್ನು ಚಿಕ್ಕಂದಿನಿಂದ ಕಂಡು ಬೆಳೆದ ಉಡುಪಿಯವನಾದ ನನಗೆ ಒಂದು ದಿನ ಉಣ್ಣದೆ ಇರುವುದು ಸಾಹಸವೆಂದೇನೂ ತೋರಿರಲಿಲ್ಲ. ಅಕ್ಟೋಬರ್ 16ರ ವಿಶ್ವ ಆಹಾರ ದಿನದ ನೆಪದಲ್ಲಿ, ಹಸಿವಿನ ಕುರಿತು ನಾಲ್ಕು ಜನರ ಗಮನ ಸೆಳೆದು ಹಣ ಕೂಡಿಸುವುದಕ್ಕಾಗಿ ನಮ್ಮ ಕಚೇರಿಯ ಒಂಬತ್ತು ಮಂದಿ 24 ಗಂಟೆ ಉಪವಾಸ ಇರುವುದೆಂದು ನಿಶ್ಚಯಿಸಿದಾಗ ಅಮ್ಮ, “ತಿಂಗಳಿಗೆ ಎರಡು ಸಲ ನಾನು ಮಾಡುವುದಲ್ವಾ, ಅದರಲ್ಲಿ ಎಂತ ಉಂಟು ಮಾರಾಯ?” ಎಂದು ನಕ್ಕಿದ್ದರು.

ಕಷ್ಟವಾದದ್ದು ಹಣ ಕೇಳುವುದು. ನನ್ನ ಮನವಿ ಪತ್ರದಲ್ಲಿ, 2024ರಲ್ಲಿ ಜಗತ್ತಿನ ಸುಮಾರು 67 ಕೋಟಿ ಜನರು ಹಸಿದಿದ್ದರೆಂಬ ವಿಶ್ವಸಂಸ್ಥೆಯ ಅಂಕಿಯನ್ನು ಮೊದಲ ಸಾಲಿನಲ್ಲೇ ಬರೆದಿದ್ದೆ. ಓದಿದವರು ತಲೆಯಾಡಿಸಿ ಪತ್ರವನ್ನು ಮಡಚಿಟ್ಟರು. ಆಮೇಲೆ ಆ ಸಾಲನ್ನು ಬಿಟ್ಟು, ಇದೇ ಊರಿನ ಒಂದು ದೊಡ್ಡ ಆಸ್ಪತ್ರೆಯ ಜಗಲಿಯಲ್ಲಿ ಮಲಗುವ ರೋಗಿಗಳ ಜೊತೆಗಾರರ ಬಗ್ಗೆ ಹೇಳತೊಡಗಿದೆ. ರೋಗಿಗೆ ಊಟ ಸಿಗುತ್ತದೆ. ಘಟ್ಟದ ಮೇಲಿನಿಂದ ಅವನನ್ನು ಕರೆತಂದ ಹೆಂಡತಿಯೋ ಅಣ್ಣನೋ ಔಷಧಕ್ಕೆಂದು ಹಣ ಉಳಿಸಿ ರಾತ್ರಿ ಎರಡು ಬಾಳೆಹಣ್ಣು ತಿಂದು ಮಲಗುತ್ತಾರೆ. 2013ರ ಆಹಾರ ಭದ್ರತಾ ಕಾಯ್ದೆಯಂತೆ ತಿಂಗಳಿಗೆ ತಲೆಗೆ 5 ಕಿಲೋ ಧಾನ್ಯ ಅವರ ಮನೆಗೆ ಬರಬಹುದು, ಆದರೆ ಜಗಲಿಯಲ್ಲಿ ಒಲೆಯಿಲ್ಲ. ಊರೂರಿಗೆ ಹೋಟೆಲು ಕೊಟ್ಟ ಉಡುಪಿಯಲ್ಲಿ ಹೀಗೂ ಉಂಟೇ ಎಂದು ಕೇಳಿದವರೇ ಹಣ ಬರೆದರು. ನಾನು ಉಪವಾಸವಿರುವ ಗಂಟೆಗೆ ಹತ್ತು ರೂಪಾಯಿಯಂತೆ ಕೊಡಲು ಹದಿನಾಲ್ಕು ಮಂದಿ ಒಪ್ಪಿದರು.

ರಾತ್ರಿ ಊಟವಾದ ಮೇಲೆ ಆರಂಭಿಸಿದರೆ ಎಂಟು ಗಂಟೆ ನಿದ್ದೆಯಲ್ಲೇ ಕಳೆದು, ಬಿಟ್ಟದ್ದು ಎರಡೇ ಊಟ ಎಂಬಂತಾಗುತ್ತದೆಂಬ ವಾದವೂ ನಡೆಯಿತು. ನನಗೆ ಅದು ತೀರ ಹಠದ ಮಾತೆನಿಸಿತು. ಹೇಗೂ 15ರ ಮಧ್ಯಾಹ್ನ ಒಂದೂವರೆಗೆ ಕೈತೊಳೆದು ಶುರುಮಾಡಿದೆವು. ನೀರಿಗೆ ತಡೆಯಿರಲಿಲ್ಲ, ಚಹಾ ಕಾಫಿ ಇಲ್ಲ. ರಂಜಾನಿನಲ್ಲಿ ತಿಂಗಳಿಡೀ ಉಪವಾಸವಿರುವ ಸಹೋದ್ಯೋಗಿಯೊಬ್ಬರು, ಕಾಫಿಯನ್ನು ವಾರದ ಮೊದಲೇ ಕಡಿಮೆ ಮಾಡುತ್ತ ಬನ್ನಿ ಎಂದು ಎಚ್ಚರಿಸಿದ್ದನ್ನು ನಾನು ಕೇಳಿರಲಿಲ್ಲ. ಮರುದಿನ ಬೆಳಗ್ಗೆ ಹಣೆಯ ಎರಡೂ ಬದಿ ಸಿಡಿಯತೊಡಗಿದಾಗ, ಅದು ಹಸಿವಿನ ನೋವೆಂದು ಭಾವಿಸಿ ಸ್ವಲ್ಪ ಹೆಮ್ಮೆಯನ್ನೂ ಪಟ್ಟೆ. ಅದು ಕಾಫಿ ತಪ್ಪಿದ ತಲೆನೋವು ಎಂದು ಅವರು ಹೇಳಿದ ಮೇಲೆ ನಾಚಿಕೆಯಾಯಿತು. ನಿಜವಾದ ಹಸಿವು ಅಲೆಯಂತೆ ಬಂದು ಹೋಗುತ್ತಿತ್ತು. ರಥಬೀದಿಯ ಕಡೆ ಹೋಗುವಾಗ ಒಗ್ಗರಣೆಯ ವಾಸನೆಗೆ ಬಾಯಲ್ಲಿ ನೀರೂರಿ, ಐದು ನಿಮಿಷದಲ್ಲಿ ತಣಿಯಿತು.

ಹನ್ನೊಂದರ ಹೊತ್ತಿಗೆ ನಮ್ಮಲ್ಲೊಬ್ಬರು ಬೆವರಿ ನಡುಗತೊಡಗಿದರು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದುದನ್ನು ಅವರು ಯಾರಿಗೂ ಹೇಳಿರಲಿಲ್ಲ. ಕೂಡಲೇ ಸಕ್ಕರೆ ಬೆರೆಸಿದ ನೀರು ಕುಡಿಸಿ, ಚೇತರಿಸಿಕೊಂಡ ಮೇಲೆ ಊಟ ಮಾಡಿಸಿ ವೈದ್ಯರ ಬಳಿಗೆ ಕರೆದೊಯ್ದೆವು. ಯಾಕೆ ಮುಚ್ಚಿಟ್ಟಿರೆಂದು ಕೇಳಿದ್ದಕ್ಕೆ, ನಿಲ್ಲಿಸಿದರೆ ಗಂಟೆಯ ಹಣ ಹೋಗುತ್ತದಲ್ಲ ಎಂದರು. ತಪ್ಪು ಅವರದಲ್ಲ, ಗಂಟೆಗಿಷ್ಟು ಎಂದು ಲೆಕ್ಕ ಹಾಕಿದ ನನ್ನದು. ಇನ್ನು ಮುಂದೆ ಎಷ್ಟು ಹೊತ್ತು ಇದ್ದರೂ ಒಂದೇ ಮೊತ್ತ, ಮೊದಲೇ ವೈದ್ಯರ ಮಾತು, ಮಾತ್ರೆ ತೆಗೆದುಕೊಳ್ಳುವವರು ಮತ್ತು ಗರ್ಭಿಣಿಯರು ಹಣ ಸಂಗ್ರಹದ ಕೆಲಸಕ್ಕೆ ಮಾತ್ರ ಎಂದು ಬರೆದಿಟ್ಟಿದ್ದೇನೆ.

ಒಂದೂವರೆಗೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿಯೊಂದಿಗೆ ಉಪವಾಸ ಬಿಟ್ಟೆವು. ಒಟ್ಟು 31,500 ರೂಪಾಯಿ ಕೂಡಿತ್ತು. ಊಟವೊಂದಕ್ಕೆ 45 ರೂಪಾಯಿಯಂತೆ ಒಬ್ಬ ಅಡುಗೆಯವರು ಒಪ್ಪಿದ್ದರಿಂದ ಸಂಜೆಗೆ 50 ಊಟದಂತೆ ಹದಿನಾಲ್ಕು ಸಂಜೆ ಬಡಿಸಿದೆವು. ಹದಿನೈದನೆಯ ಸಂಜೆ ಹಣವಿರಲಿಲ್ಲ. ನಾನು ಆಸ್ಪತ್ರೆಯ ರಸ್ತೆ ತಪ್ಪಿಸಿ ಮನೆಗೆ ಹೋದೆ. ಆ ರಾತ್ರಿಯೇ ನನ್ನ ಹದಿನಾಲ್ಕು ಮಂದಿಗೂ ಫೋನು ಮಾಡಿ, ಉಪವಾಸವಿಲ್ಲದೆಯೂ ತಿಂಗಳಿಗೆ 450 ರೂಪಾಯಿ ಕೊಡುವಿರಾ ಎಂದು ಕೇಳಿದೆ. ಐವರು ಒಪ್ಪಿದರು. ಈಗ ತಿಂಗಳಿಗೆ ಒಂದು ಸಂಜೆ 50 ಊಟ ಹೋಗುತ್ತದೆ.