ಗಂಜಿಯಲ್ಲಿ ಅಂಟಿಸಿ ಹೊಲಿದ ಕೌದಿ: ನನ್ನ ಅನುಭವ

ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಕೈಯಲ್ಲಿ ಹೊಲಿದ ಹೊದಿಕೆಯೇ ಕೌದಿ. ಕಳೆದ ಮಾರ್ಚ್ ತಿಂಗಳಿನಲ್ಲಿ ನನ್ನ ಐದನೆಯ ಕೌದಿಯನ್ನು ಒಗೆದು ತಾರಸಿಯ ಮೇಲೆ ಹರವಿದಾಗ ಅದು ನಾಲ್ಕು ಮೂಲೆಗಳಲ್ಲಿಯೂ ಚಾಪೆಯಂತೆ ಸಮನಾಗಿ ಕುಳಿತಿತ್ತು, ನಡುವೆ ಎಲ್ಲಿಯೂ ಉಬ್ಬಿರಲಿಲ್ಲ. ಪದರಗಳು ಸರಿಯದಂತೆ ಮೊದಲು ಗಂಜಿಯಿಂದ ಅಂಟಿಸಿಕೊಂಡು ಹೊಲಿಯುತ್ತೇನೆಂದು ಎರಡು ವರ್ಷಗಳ ಹಿಂದೆ ನಾನು ಹೇಳಿದ್ದಾಗ ಒಪ್ಪಿದವರು ಒಬ್ಬರೂ ಇರಲಿಲ್ಲ. ಮಂಡ್ಯದಲ್ಲಿರುವ ನನ್ನ ಅಕ್ಕ, "ಗಂಜಿ ಹಾಕಿದ್ರೆ ಇರುವೆ ಮುತ್ಕೊಳ್ತವೆ ಕಣೇ, ಬ್ಯಾಡ" ಎಂದಿದ್ದಳು. ನಮ್ಮ ಬೀದಿಯ ದರ್ಜಿಯವರು, "ಗಂಜಿ ಬಟ್ಟೆಗೆ ಸೂಜಿ ಇಳಿಯಲ್ಲ ಮೇಡಂ, ದಾರ ಕಿತ್ತು ಬರುತ್ತೆ" ಎಂದಿದ್ದರು. ಇಬ್ಬರು ಹೇಳಿದ್ದೂ ಸುಳ್ಳಾಗಿರಲಿಲ್ಲ. ಅವೆರಡೂ ನನಗೆ ಆಗಿವೆ, ಎರಡಕ್ಕೂ ಪರಿಹಾರವನ್ನು ಕಂಡುಕೊಂಡಿದ್ದೇನೆ.

ನಮ್ಮ ಅತ್ತೆಯವರು ಬೊಂತೆ ಎಂದು ಕರೆಯುತ್ತಿದ್ದ ಹಳೆಯ ಸೀರೆಯ ಹೊದಿಕೆಯನ್ನು ಅಂಚಿನಿಂದ ಒಳಕ್ಕೆ, ಸುತ್ತು ಸುತ್ತಾಗಿ ಹೊಲಿದು ನಡುವಿನಲ್ಲಿ ಮುಗಿಸುತ್ತಿದ್ದರು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕೌದಿಯೂ ಹಾಗೆಯೇ ಹೊರಗಿನಿಂದ ಒಳಕ್ಕೆ ಸಾಗುತ್ತದೆ. ಮೈಸೂರಿನ ಹೆಬ್ಬಾಳದ ಕರಕುಶಲ ಸಂತೆ ಅರ್ಬನ್ ಹಾತ್‌ನಲ್ಲಿ ಅಂಥದೊಂದನ್ನು ಮುಟ್ಟಿ ನೋಡಿದ್ದೇನೆ. ಹಾಗೆ ಹೊಲಿಯುವವರ ಅಂಗೈ ಪ್ರತಿ ಸುತ್ತಿಗೂ ಸಡಿಲವನ್ನು ಸವರಿ ಸಮ ಮಾಡುತ್ತ ಹೋಗುತ್ತದೆ, ಆದ್ದರಿಂದ ಅವರಿಗೆ ಒಲಿಯುತ್ತದೆ. ಹಾಗೆಯೇ ಹೊಲಿದ ನನ್ನ ಮೊದಲ ಕೌದಿಯಲ್ಲಿ ನಾಲ್ಕೂ ಕಡೆಯ ಸಡಿಲವೆಲ್ಲ ನಡುವಿಗೆ ಬಂದು ಸೇರಿ, ಒಂದು ದೊಡ್ಡ ಅನ್ನದ ತಟ್ಟೆಯಷ್ಟು ಜಾಗ ಪೂರಿಯಂತೆ ಉಬ್ಬಿ ನಿಂತಿತು. ಆ ಭಾಗವನ್ನು ಬಿಚ್ಚಿ ಮತ್ತೆ ಹೊಲಿದೆ. ಉಬ್ಬು ಒಂದು ಗೇಣು ಪಕ್ಕಕ್ಕೆ ಸರಿಯಿತೇ ಹೊರತು ಹೋಗಲಿಲ್ಲ.

ಎರಡನೆಯದಕ್ಕೆ ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ದೊಡ್ಡ ಮರದ ರಿಂಗು ಕೊಂಡೆ, ಸುಮಾರು 650 ರೂಪಾಯಿ. ಅದರ ಜೊತೆಗೆ ಬಟ್ಟೆ ಕತ್ತರಿಸುವ ಚಕ್ರದ ಚಾಕು ಮತ್ತು ಹಾಸುಹಲಗೆಗೆ 2,400 ರೂಪಾಯಿ ಆಯಿತು. ನಾಲ್ಕೈದು ಸಲ ಒಗೆದು ಮೆತ್ತಗಾದ ಸೀರೆಗೆ ಆ ಚಾಕು ಸ್ವಲ್ಪವೂ ಹೊಂದುವುದಿಲ್ಲ, ಬಟ್ಟೆ ಅದರ ಮುಂದೆ ಮುಂದೆ ಸರಿಯುತ್ತದೆ. ರಿಂಗಿನಲ್ಲಿ ಮೇಲ್ಪದರ ಬಿಗಿಯಾಗಿ, ಅಡಿಪದರ ಸಡಿಲವಾಗಿ ಹೊಲಿಗೆ ಬಿತ್ತು. ಮೂರನೆಯದಕ್ಕೆ ಇನ್ನೂರಕ್ಕೂ ಹೆಚ್ಚು ಪಿನ್ನುಗಳನ್ನು ಚುಚ್ಚಿ ಮೂರು ತಿಂಗಳು ಹೊಲಿದೆ. ಅಷ್ಟರಲ್ಲಿ ಮಳೆಗಾಲ ಬಂದು ಪಿನ್ನುಗಳಿಗೆ ತುಕ್ಕು ಹಿಡಿಯಿತು. ಬಿಳಿ ನೆಲದ ಸೀರೆಯ ಮೇಲೆ ಸಾಲಾಗಿ ಮೂಡಿದ ಕಂದು ಚುಕ್ಕೆಗಳು ನಿಂಬೆಹುಳಿ, ಉಪ್ಪು, ಬಿಸಿಲು ಯಾವುದಕ್ಕೂ ಪೂರ್ತಿಯಾಗಿ ಹೋಗಿಲ್ಲ. ಆ ಕೌದಿಯನ್ನು ಈಗ ಇಸ್ತ್ರಿ ಮಾಡುವಾಗ ಮೇಜಿನ ಮೇಲೆ ಹಾಸಿಕೊಳ್ಳುತ್ತೇನೆ.

ಗಂಜಿಯ ಆಲೋಚನೆ ಬಂದದ್ದು ಯಜಮಾನರ ಪಂಚೆಗಳಿಂದ. ಗಂಜಿ ಹಾಕಿದ ಎರಡು ಪಂಚೆಗಳು ಒಣಗುವಾಗ ಒಂದರ ಮೇಲೊಂದು ಬಿದ್ದು ಹಪ್ಪಳದಂತೆ ಅಂಟಿಕೊಂಡಿದ್ದವು, ನೀರಿಗೆ ಹಾಕಿದೊಡನೆ ತಾವಾಗಿಯೇ ಬಿಟ್ಟುಕೊಂಡವು. ಆದರೆ ನಾನು ಆತುರಪಟ್ಟು ನಾಲ್ಕನೆಯ ಕೌದಿಗೆ ಮೈದಾ ಹಿಟ್ಟಿನ ಗಟ್ಟಿ ಅಂಟನ್ನು ಬಳಿದೆ, ಅದನ್ನೂ ಅಕ್ಟೋಬರ್‌ನಲ್ಲಿ. ಮೈಸೂರಿನಲ್ಲಿ ಮಳೆ ಜೋರಾಗಿ ಹೊಡೆಯುವುದೇ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಎಂಬುದು ಗೊತ್ತಿದ್ದೂ ಮಾಡಿದ ತಪ್ಪು ಅದು. ದರ್ಜಿಯವರು ಹೇಳಿದಂತೆಯೇ ಸೂಜಿ ಇಳಿಯಲಿಲ್ಲ. ಬೆರಳ ತುದಿಗೆ ತೊಡಿಸುವ ಟೋಪಿ, ಅಂಗುಸ್ತಾನವನ್ನು ಹಾಕಿಕೊಂಡೂ ಮಧ್ಯದ ಬೆರಳು ಗಾಯವಾಯಿತು. ಅಕ್ಕ ಹೇಳಿದಂತೆ ಇರುವೆಗಳೂ ಬಂದವು. ಹತ್ತು ದಿನಗಳೊಳಗೆ ಮುಗ್ಗಲು ವಾಸನೆ ಹಿಡಿದು ಕಪ್ಪು ಚುಕ್ಕೆಗಳು ಎದ್ದವು. ತಿಂಗಳೊಂದು ಕೂತು ಜೋಡಿಸಿದ್ದ ತೇಪೆಯ ಮೇಲ್ಪದರವನ್ನು ಎಸೆಯಬೇಕಾಯಿತು. ಅದರಲ್ಲಿದ್ದ ಹೊಸ ಬಟ್ಟೆಯ ಬೆಲೆಯೇ 1,800 ರೂಪಾಯಿಗಳಷ್ಟಾಗಿತ್ತು. ಒಂದು ವಾರ ಸೂಜಿ ಮುಟ್ಟಲಿಲ್ಲ.

ಆಮೇಲೆ ಸಣ್ಣ ತುಂಡುಗಳ ಮೇಲೆ ಅಕ್ಕಿ, ಸಬ್ಬಕ್ಕಿ, ಮೈದಾ ಮೂರನ್ನೂ ಹಾಕಿ ನೋಡಿದೆ. ಸಬ್ಬಕ್ಕಿಯೇ ಗೆದ್ದಿತು. ಅಕ್ಕಿಗಂಜಿಯನ್ನು ಎಷ್ಟು ಸೋಸಿದರೂ ಕಣ ಉಳಿದು ಸೂಜಿಗೆ ತಡೆಯಾಗುತ್ತದೆ. ಸಬ್ಬಕ್ಕಿ ಒಂದು ಲೋಟಕ್ಕೆ ಹತ್ತು ಹನ್ನೆರಡು ಲೋಟ ನೀರು, ರಾತ್ರಿ ನೆನೆಸಿ ಬೆಳಿಗ್ಗೆ ಕುದಿಸಿ ತೆಳುವಾದ ಪಂಚೆಯಲ್ಲಿ ಸೋಸಿದರೆ ಒಂದು ಒಂಟಿ ಹಾಸಿಗೆಯ ಕೌದಿಗೆ ಸಾಕಾಗಿ ಸ್ವಲ್ಪ ಉಳಿಯುತ್ತದೆ. ಇದಕ್ಕೆ ನಾನು ಇನ್ನೊಂದು ಪದಾರ್ಥವನ್ನು ಚಿಟಿಕೆಯಷ್ಟು ಸೇರಿಸುತ್ತೇನೆ. ಇರುವೆ ಹತ್ತಿರ ಸುಳಿಯದಿರುವುದು ಅದರಿಂದಲೇ. ಅಡುಗೆಮನೆಯದೇ ವಸ್ತು ಎಂದಷ್ಟೇ ಹೇಳುತ್ತೇನೆ, ಹೆಸರನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ಗಂಜಿಯಲ್ಲಿ ಬಟ್ಟೆಯನ್ನು ಅದ್ದಬಾರದು. ಅಡಿಪದರವನ್ನು ತಾರಸಿಯ ಮೇಲೆ ಹಾಸಿ, ಒಳಮೈಗೆ ಮಾತ್ರ ಅಗಲವಾದ ಬಣ್ಣದ ಕುಂಚದಿಂದ ತೆಳುವಾಗಿ ಸವರಿ, ನಡುಪದರವನ್ನು ಕೂರಿಸಿ ನಡುವಿನಿಂದ ಹೊರಕ್ಕೆ ಅಂಗೈಯಲ್ಲಿ ತೀಡಿ, ಅದರ ಮೇಲೆ ಮತ್ತೆ ಸವರಿ ಮೇಲ್ಪದರವನ್ನು ಕೂರಿಸಬೇಕು. ಮಾರ್ಚ್ ಬಿಸಿಲಿನಲ್ಲಿ ಎರಡು ಗಂಟೆಯೊಳಗೆ ಒಣಗುತ್ತದೆ. ಪೂರ್ತಿ ಒಣಗಿದ ಮೇಲೆಯೇ ಇಸ್ತ್ರಿ, ಹಸಿ ಗಂಜಿಯ ಮೇಲೆ ಇಸ್ತ್ರಿ ಇಟ್ಟರೆ ಕಂದುಬಣ್ಣ ಹಿಡಿಯುತ್ತದೆ. ಮೂರು ಪದರವೂ ಒಂದೇ ದಪ್ಪ ಬಟ್ಟೆಯಂತಾದ ಮೇಲೆ ರಿಂಗು, ಪಿನ್ನು, ಕಚ್ಚಾ ಹೊಲಿಗೆ ಯಾವುದೂ ಬೇಡ. ನಡುವಿನ ಸಾಲಿನಿಂದ ಆರಂಭಿಸಿ ಎರಡೂ ಕಡೆಗೆ ನೇರ ಸಾಲುಗಳಲ್ಲಿ ಹೊಲಿದುಕೊಂಡು ಹೋದರಾಯಿತು.

ಸೀರೆಯ ಲೆಕ್ಕವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಐದೂವರೆ ಮೀಟರ್ ಸೀರೆಯಲ್ಲಿ 60 ಅಂಗುಲದ ಮೂರು ತುಂಡುಗಳು ಬರುತ್ತವೆ. ಪನ್ನ, ಅಂದರೆ ಸೀರೆಯ ಅಗಲ, 45 ಅಂಗುಲವಿರುವುದರಿಂದ ಎರಡು ತುಂಡುಗಳನ್ನು ಅಂಚಿಗೆ ಅಂಚು ಸೇರಿಸಿದರೆ 60ಕ್ಕೆ 90ರ ಒಂದು ಪದರ. ಅಂದರೆ ಎರಡು ಸೀರೆಗಳಲ್ಲಿ ಮೂರು ಪದರಗಳು. ಹೀಗೆ ಮಾಡಿದಾಗ ಮೂರು ಪದರಗಳ ಜೋಡಣೆಯೂ ಒಂದೇ ಕಡೆ ಬಿದ್ದು ನಡುವೆ ಬದುವಿನಂತೆ ಏಳುತ್ತದೆ. ಆದ್ದರಿಂದ ನಡುಪದರದ ಒಂದು ತುಂಡನ್ನು ಉದ್ದಕ್ಕೆ ಸೀಳಿ, ಅರ್ಧವನ್ನು ಈ ಕಡೆಗೂ ಅರ್ಧವನ್ನು ಆ ಕಡೆಗೂ ಸೇರಿಸಬೇಕು.

ಹೊಲಿದು ಮುಗಿದ ಮೇಲೆ ಗಂಜಿ ನಿಜವಾಗಿಯೂ ಹೋಯಿತೇ ಎಂಬುದೇ ಎಲ್ಲರ ಪ್ರಶ್ನೆ. ರಾತ್ರಿಯಿಡೀ ನೆನೆಸಿ ಮೂರು ಸಲ ಜಾಲಾಡಿಸಿ, ಕೊನೆಯ ನೀರನ್ನು ಒಂದು ಬಟ್ಟಲಲ್ಲಿ ತೆಗೆದುಕೊಂಡು ಎರಡು ತೊಟ್ಟು ಟಿಂಕ್ಚರ್ ಅಯೋಡಿನ್ ಹಾಕುತ್ತೇನೆ. ಗಂಜಿ ಉಳಿದಿದ್ದರೆ ನೀರು ನೀಲಿಗೆ ತಿರುಗುತ್ತದೆ, ಇಲ್ಲದಿದ್ದರೆ ಅಯೋಡಿನ್‌ನ ಹಳದಿ ಬಣ್ಣವೇ ನಿಲ್ಲುತ್ತದೆ. ಇದರಲ್ಲಿಯೂ ಒಮ್ಮೆ ಮೋಸಹೋದೆ. ಎರಡಡಿಗೆ ಮೂರಡಿಯ ಮಾದರಿ ತುಂಡೊಂದನ್ನು ಬಿಸಿನೀರಿನಲ್ಲಿ ಜಾಲಾಡಿಸಿ ಆ ಬಿಸಿಯಲ್ಲಿಯೇ ಪರೀಕ್ಷಿಸಿದಾಗ ನೀಲಿ ಬರಲಿಲ್ಲ. ನಿಶ್ಚಿಂತೆಯಿಂದ ಮಡಿಸಿ ಬೀರುವಿನಲ್ಲಿಟ್ಟೆ. ಎರಡು ತಿಂಗಳ ಬಳಿಕ ತೆಗೆದರೆ ಹಳೆಯ ಪುಸ್ತಕಗಳಲ್ಲಿ ಓಡಾಡುವ ಬೆಳ್ಳಿ ಬಣ್ಣದ ಹುಳುಗಳು ಅಲ್ಲಲ್ಲಿ ಕೆರೆದು ತಿಂದಿದ್ದವು. ಬಿಸಿನೀರಿನಲ್ಲಿ ಆ ನೀಲಿ ಬಣ್ಣ ನಿಲ್ಲುವುದಿಲ್ಲ, ನೀರು ಪೂರ್ತಿ ತಣ್ಣಗಾದ ಮೇಲೆಯೇ ನೋಡಬೇಕು. ಅಕ್ಕನ ಎದುರಿಗೇ ತಣ್ಣೀರಿನಲ್ಲಿ ಈ ಪರೀಕ್ಷೆಯನ್ನು ಮಾಡಿ ತೋರಿಸಿದ ಮೇಲೆ ಅವಳು ಮಾತಾಡಲಿಲ್ಲ. ಹೋದ ತಿಂಗಳು ತನ್ನ ಎರಡು ಸೀರೆಗಳನ್ನು ತಂದು ಕೊಟ್ಟಿದ್ದಾಳೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಊರಿನಿಂದ ಬಂದ ಬೂರುಗದ ಹತ್ತಿಯನ್ನು ನಡುವೆ ತುಂಬಿ ನೋಡಿದರೆ, ಅದರ ಎಳೆ ಜಾರುವಂಥದಾದ್ದರಿಂದ ಹೊಲಿಗೆಯ ನಡುವೆ ನಿಲ್ಲದೆ ಒಂದು ಮೂಲೆಗೆ ಗುಡ್ಡೆಯಾಯಿತು, ಹಳೆಯ ಸೀರೆಯ ಎಳೆಗಳ ಸಂದಿನಿಂದ ನವಿರಾಗಿ ಹೊರಗೂ ಬಂತು. ಅದು ದಿಂಬಿಗೇ ಸರಿ. ಹಳೆಯ ಮೈಸೂರು ರೇಷ್ಮೆ ಸೀರೆಯ ಸೆರಗನ್ನು ಹತ್ತಿಯ ನಡುವೆ ತೇಪೆಯಾಗಿ ಹಾಕಿದ್ದು ನೋಡಲು ಬಹಳ ಚೆನ್ನಾಗಿತ್ತು, ಆದರೆ ಒಗೆದಾಗ ರೇಷ್ಮೆ ಒಂದು ರೀತಿ, ಹತ್ತಿ ಒಂದು ರೀತಿ ಕುಗ್ಗಿ ಸುಕ್ಕು ಬಿತ್ತು, ಜರಿ ಕೆನ್ನೆಗೆ ಒರಟಾಯಿತು. ಗೆದ್ದದ್ದು ಮೇಲುಕೋಟೆಯ ಹಳೆಯ ಪಂಚೆ. ನಡುಪದರಕ್ಕೆ ಅದಕ್ಕಿಂತ ಒಳ್ಳೆಯ ಬಟ್ಟೆಯನ್ನು ನಾನು ಕಂಡಿಲ್ಲ.

ಐದನೆಯ ಕೌದಿಯಲ್ಲಿ ಮುಕ್ಕಾಲು ಅಂಗುಲ ಅಂತರದ ಸುಮಾರು 80 ಸಾಲುಗಳಿವೆ. ಅಂಗುಲಕ್ಕೆ ಆರು ಹೊಲಿಗೆಯಂತೆ ನಲವತ್ತು ಸಾವಿರಕ್ಕೂ ಮೇಲಾಯಿತು, ಎಲ್ಲವೂ ನನ್ನ ಕೈಯದೇ. ಸಾಲೊಂದಕ್ಕೆ ನಲವತ್ತು ನಿಮಿಷದಂತೆ ದಿನಕ್ಕೆ ಎರಡು ಗಂಟೆ ಕೂತು ಹೆಚ್ಚುಕಡಿಮೆ ಒಂದು ತಿಂಗಳಲ್ಲಿ ಮುಗಿಸಿದೆ. ದಾರ 250 ಮೀಟರಿನಷ್ಟು ಹಿಡಿಯಿತು. ದಾರ, ಸಬ್ಬಕ್ಕಿ, ಅಂಚುಪಟ್ಟಿ ಎಲ್ಲ ಸೇರಿ ಖರ್ಚು 450 ರೂಪಾಯಿ ದಾಟಲಿಲ್ಲ. ಸರಸ್ವತಿಪುರಂನ ಪರಿಚಿತರೊಬ್ಬರು 5,000 ರೂಪಾಯಿ ಕೊಟ್ಟು ಅದನ್ನು ಒಯ್ದರು. ಗಂಟೆಗೆ ಲೆಕ್ಕ ಹಾಕಿದರೆ 85 ರೂಪಾಯಿಯೂ ಬೀಳುವುದು ಕಷ್ಟ. ಇಷ್ಟಕ್ಕೆ ಆರ್ಡರ್ ಹಿಡಿದು ಹೊಲಿಯಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ.

ಈಗ ಕೈಯಲ್ಲಿ ಮೂರು ಇವೆ. ಮಗಳ ಕೂಸಿಗೆಂದು 30ಕ್ಕೆ 40 ಅಂಗುಲದ್ದು ಮುಗಿದಿದೆ, ಅಂಚುಪಟ್ಟಿ ಮಾತ್ರ ಬಾಕಿ. ಅಕ್ಕನ ಸೀರೆಗಳದ್ದು ಕತ್ತರಿಸಿ ಇಟ್ಟಿದ್ದೇನೆ, ಕಾರ್ತಿಕ ಕಳೆದು ಬಿಸಿಲು ಗಟ್ಟಿಯಾಗುವವರೆಗೆ ಅದಕ್ಕೆ ಗಂಜಿ ಮುಟ್ಟಿಸುವುದಿಲ್ಲ. ಮೂರನೆಯದು ಜೋಡಿ ಮಂಚದ್ದು, 90ಕ್ಕೆ 100 ಅಂಗುಲ, 120 ಸಾಲು. ಅಷ್ಟನ್ನೂ ಒಂದೇ ಬೇಸಿಗೆಯಲ್ಲಿ ಮುಗಿಸಲಾಗದೆಂದು ತಿಳಿದು, ನಡುವಿನ ಮೂರನೆಯ ಒಂದು ಪಾಲಿಗೆ ಮಾತ್ರ ಗಂಜಿ ಸವರಿ, 40 ಸಾಲು ಹೊಲಿದು, ಮಳೆ ಹಿಡಿಯುವ ಮೊದಲೇ ಇಡಿಯಾಗಿ ಒಗೆದು ಸುತ್ತಿಟ್ಟೆ. ಒಗೆದ ಮೇಲೆ ಅಳೆದರೆ ನಡುವಿನ ಉದ್ದ ತೊಂಬತ್ತೆಂಟೂವರೆಗೆ ಇಳಿದಿದೆ, ಹೊಲಿಯದ ಪಕ್ಕಗಳು ನೂರರಲ್ಲೇ ಇವೆ. ಆ ಒಂದೂವರೆ ಅಂಗುಲವನ್ನು ಪಕ್ಕದ ಮೊದಲ ಹತ್ತು ಸಾಲುಗಳಲ್ಲಿ ದಾರವನ್ನು ಸ್ವಲ್ಪ ಸ್ವಲ್ಪವೇ ಬಿಗಿ ಹಿಡಿದು ಹೊಂದಿಸಬೇಕಾಗಿದೆ. ಅದೇ ಸೀರೆಯ ಚೂರುಗಳನ್ನು ಜೋಡಿಸಿ ಅಂಗೈಯಗಲದ ಮಾದರಿಗಳ ಮೇಲೆ ಈಗ ಎಷ್ಟು ಬಿಗಿ ಬೇಕೆಂದು ನೋಡುತ್ತಿದ್ದೇನೆ.