ಕಂಟೇನರ್ ಜನರೇಟರ್ ಕೂರಿಸುವ ಮುನ್ನ ಗಾಳಿಯ ದಾರಿ ನೋಡಿ

ಅಪಾರ್ಟ್‌ಮೆಂಟ್ ಸಂಘದವರು ಕಂಟೇನರ್ ಜನರೇಟರ್, ಅಂದರೆ ಮುಚ್ಚಿದ ಲೋಹದ ಪೆಟ್ಟಿಗೆಯೊಳಗೆ ಕೂರಿಸಿದ ಡೀಸೆಲ್ ಜನರೇಟರ್ ಕೊಳ್ಳುವಾಗ ಕೆವಿಎ (ಸಾಮರ್ಥ್ಯ) ಎಷ್ಟು, ಬೆಲೆ ಎಷ್ಟು, ಸರ್ವಿಸ್ ಯಾರದು ಎಂದು ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಎಲ್ಲಿ ಕೂರಿಸಬೇಕು ಅನ್ನುವುದು ಮಾತ್ರ ಕ್ರೇನ್ ಗೇಟಿಗೆ ಬಂದು ನಿಂತ ಮೇಲೆ ತೀರ್ಮಾನವಾಗುತ್ತದೆ. ಪಾರ್ಕಿಂಗ್‌ಗೆ ಒದಗದ ಯಾವುದೋ ಮೂಲೆ ಅದರ ಪಾಲಿಗೆ ಬರುತ್ತದೆ. ‘ಎಲ್ಲ ಪೆಟ್ಟಿಗೆಯೊಳಗೇ ಇದೆಯಲ್ಲ ಸಾರ್, ಎಲ್ಲಿಟ್ಟರೇನು’ ಎಂದು ಮಾರುವವರೂ ತಾಳ ಹಾಕುತ್ತಾರೆ. ಮುಂದೆ ಎದುರಾಗುವ ತಾಪತ್ರಯಗಳಲ್ಲಿ ಬಹುಪಾಲು ಹುಟ್ಟುವುದು ಆ ಮೂಲೆಯಲ್ಲೇ.

1. ಕಾಗದಪತ್ರ

2023ರ ಜುಲೈ 1ರಿಂದ 800 ಕಿಲೋವಾಟ್‌ವರೆಗಿನ ಹೊಸ ಸೆಟ್‌ಗಳಿಗೆ ಸಿಪಿಸಿಬಿ 4+ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಹೊಗೆ ಮಿತಿ) ಮಾನದಂಡ ಕಡ್ಡಾಯ. ಆ ಮಾದರಿ ಮಾನದಂಡಕ್ಕೆ ಹೊಂದುತ್ತದೆಂಬ ಟೈಪ್ ಅಪ್ರೂವಲ್ ಪ್ರಮಾಣಪತ್ರದ ಪ್ರತಿ ಕೇಳಿ ಪಡೆಯಿರಿ, ಎಂಜಿನ್ ಮೇಲಿನ ಪ್ಲೇಟಿನೊಂದಿಗೆ ತಾಳೆ ನೋಡಿ. ‘ಗೋದಾಮಿನಲ್ಲಿ ಉಳಿದ ಹೊಸ ಮಾಲು, ಅರ್ಧ ರೇಟಿಗೆ ಕೊಡ್ತೀವಿ’ ಅನ್ನುವವರ ಸಹವಾಸ ಬೇಡ. ಜನರೇಟರ್ ಜೋಡಣೆಯ ನಕ್ಷೆ ಲೈಸೆನ್ಸ್ ಇರುವ ಗುತ್ತಿಗೆದಾರರ ಮೂಲಕ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಹೋಗಲಿ. ಅಲ್ಲಿಂದ ಒಪ್ಪಿಗೆ ಬರುವವರೆಗೆ ಲೋಡ್ ಕೊಡಬೇಡಿ.

2. ಕಟ್ಟೆ

ಮಟ್ಟವಾದ ಕಾಂಕ್ರೀಟ್ ಕಟ್ಟೆ, ನೆಲಕ್ಕಿಂತ ಅರ್ಧ ಅಡಿ ಎತ್ತರ, ಮಳೆನೀರು ನಿಲ್ಲದ ಜಾಗ. ಯಾವ ಮೇಸ್ತ್ರಿ ಬೇಕಾದರೂ ಮಾಡುತ್ತಾರೆ.

3. ಗಾಳಿ

ಡೀಸೆಲ್ ಉರಿದು ಹುಟ್ಟುವ ಶಾಖದಲ್ಲಿ ಕರೆಂಟ್ ಆಗುವುದು ಅರ್ಧಕ್ಕಿಂತ ಕಡಿಮೆ. ಉಳಿದದ್ದೆಲ್ಲ ಹೊಗೆಯಲ್ಲೋ ರೇಡಿಯೇಟರ್‌ನ ಬಿಸಿಗಾಳಿಯಲ್ಲೋ ಹೊರಗೆ ಹೋಗಲೇಬೇಕು. ಕಂಟೇನರ್ ಆಲ್ಟರ್ನೇಟರ್ (ಕರೆಂಟ್ ಹುಟ್ಟಿಸುವ ಭಾಗ) ಇರುವ ತುದಿಯಿಂದ ತಣ್ಣನೆ ಗಾಳಿ ಎಳೆದುಕೊಂಡು, ಎಂಜಿನ್ ಸವರಿಕೊಂಡು ಬಂದದ್ದನ್ನು ರೇಡಿಯೇಟರ್ ಮೂಲಕ ಇನ್ನೊಂದು ತುದಿಗೆ ಊದುತ್ತದೆ. ಆ ತುದಿಗೆ ಎರಡಡಿ ದೂರದಲ್ಲಿ ಕಾಂಪೌಂಡ್ ಗೋಡೆ ಇದ್ದರೆ ಬಿಸಿಗಾಳಿ ಗೋಡೆಗೆ ಬಡಿದು, ಪಕ್ಕದ ಸಂದಿಯಲ್ಲಿ ಹಿಂದಕ್ಕೆ ಹರಿದು, ಮತ್ತೆ ಒಳಗೇ ಸೇರುತ್ತದೆ. ಚಳಿಗಾಲದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಎಲ್ಲ ಮನೆಗಳ ಎಸಿ ಓಡುತ್ತಿರುವಾಗ ಕರೆಂಟ್ ಹೋಯಿತೆನ್ನಿ, ಕಾಲು ಗಂಟೆಗೆಲ್ಲ ಎಂಜಿನ್ ತಂಪಿಡುವ ನೀರಿನ ಬಿಸಿ ಏರಿ ಸೆಟ್ ಟ್ರಿಪ್ ಆಗುತ್ತದೆ.

ಆಗ ಸೆಕ್ಯುರಿಟಿಯವರು ಪಕ್ಕದ ಬಾಗಿಲು ತೆರೆದು ಇಟ್ಟಿಗೆ ಅಡ್ಡ ಇಡುತ್ತಾರೆ. ತಂಪಾಗಲಿ ಎಂಬ ಒಳ್ಳೆಯ ಉದ್ದೇಶವೇ. ಆದರೆ ಫ್ಯಾನ್ ಹತ್ತಿರದ ಬಾಗಿಲಿಂದಲೇ ಗಾಳಿ ಎಳೆದುಕೊಳ್ಳಲು ಶುರು ಮಾಡಿದರೆ ಆಚೆ ತುದಿಯ ಆಲ್ಟರ್ನೇಟರ್ ಗಾಳಿಯಿಲ್ಲದೆ ಬಿಸಿಯೇರುತ್ತದೆ. ಸದ್ದಂತೂ ಇಡೀ ಬೀದಿಗೆ. 1,000 ಕೆವಿಎವರೆಗಿನ ಸೆಟ್‌ಗೆ ಪೆಟ್ಟಿಗೆಯಿಂದ 1 ಮೀಟರ್ ದೂರದಲ್ಲಿ 75 ಡೆಸಿಬೆಲ್ ಮಿತಿ ಎಂಬ ನಿಯಮ ಇರುವುದು ಬಾಗಿಲು ಮುಚ್ಚಿದ ಪೆಟ್ಟಿಗೆಯನ್ನು ನಂಬಿಕೊಂಡು.

ಬಿಸಿಗಾಳಿಯ ತುದಿ ಬಯಲಿಗೆ ಮುಖ ಮಾಡಿರಲಿ. ನನ್ನನ್ನು ಕೇಳಿದರೆ ಆ ಕಡೆ 3 ಮೀಟರ್ ಖಾಲಿ ಇಲ್ಲದ ಜಾಗದಲ್ಲಿ ಸೆಟ್ ಇಳಿಸಲೇಬೇಡಿ. ಗತಿಯಿಲ್ಲದಿದ್ದರೆ ತಗಡಿನ ಡಕ್ಟ್ ಕಟ್ಟಿಸಿ ಗಾಳಿಯನ್ನು ಮೇಲಕ್ಕೆ ತಿರುಗಿಸಿ. ಡಕ್ಟಿನ ಬಾಯಿ ರೇಡಿಯೇಟರ್‌ಗಿಂತ ಚಿಕ್ಕದಾಗಬಾರದು, ಕಾಲು ಭಾಗ ದೊಡ್ಡದಿದ್ದರೆ ಇನ್ನೂ ಒಳ್ಳೆಯದು. ಇಲಿ ನುಗ್ಗುತ್ತದೆಂದು ಲೂವರ್‌ಗೆ (ಗಾಳಿಯಾಡುವ ಪಟ್ಟಿಗಳ ಕಿಂಡಿ) ಸೊಳ್ಳೆ ಪರದೆ ಬಡಿಯುವವರಿದ್ದಾರೆ. ಎರಡೇ ತಿಂಗಳಿಗೆ ಧೂಳು ಕಟ್ಟಿ ಅದು ಗೋಣಿಚೀಲವಾಗುತ್ತದೆ. ಅರ್ಧ ಇಂಚಿನ ಕಬ್ಬಿಣದ ಜಾಲರಿ ಹಾಕಿ. ಪೆಟ್ಟಿಗೆ ಅಸಹ್ಯವಾಗಿ ಕಾಣುತ್ತದೆಂದು ಸುತ್ತ ಬಳ್ಳಿ ಹಬ್ಬಿಸುವ ಸೌಂದರ್ಯಪ್ರಜ್ಞೆಯೂ ಬೇಡ.

ಹಣ ಚುಕ್ತಾ ಮಾಡುವ ಮುನ್ನ ಒಂದು ಪರೀಕ್ಷೆ ಮಾಡಿಸಿ. ಬಾಗಿಲೆಲ್ಲ ಮುಚ್ಚಿ, ಇರುವ ಲೋಡನ್ನೆಲ್ಲ ಕೊಟ್ಟು ಅರ್ಧ ಗಂಟೆ ಓಡಿಸಿ. ಒಂದು ಥರ್ಮಾಮೀಟರ್ ಗಾಳಿ ಒಳಹೋಗುವ ಲೂವರ್ ಹತ್ತಿರ, ಇನ್ನೊಂದು ದೂರದ ನೆರಳಿನಲ್ಲಿ. ಲೂವರ್ ಬಳಿ 5 ಡಿಗ್ರಿಗಿಂತ ಹೆಚ್ಚು ಬಿಸಿ ತೋರಿಸಿದರೆ ಹೊರಹೋದ ಗಾಳಿ ವಾಪಸು ಬರುತ್ತಿದೆ ಎಂದೇ ಅರ್ಥ. ಎಲ್ಲಿಂದ ಎಂದು ನೋಡಲು ಕೋಲಿನ ತುದಿಗೆ ಒಂದು ಗೇಣು ಉಲ್ಲನ್ ದಾರ ಕಟ್ಟಿ ಪಕ್ಕದ ಸಂದಿಯಲ್ಲಿ ಹಿಡಿಯಿರಿ. ದಾರ ಯಾವ ಕಡೆ ವಾಲುತ್ತದೆ ನೋಡಿ. ಊದುಬತ್ತಿ ಹಿಡಿದು ನೋಡುವವರನ್ನೂ ಕಂಡಿದ್ದೇನೆ. ಡೀಸೆಲ್ ಇರುವ ಜಾಗದಲ್ಲಿ ಕೆಂಡದ ಕೆಲಸ ಬೇಡ.

4. ಹೊಗೆ ಕೊಳವೆ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರ ಸರಳ. ಕೆವಿಎ ಸಂಖ್ಯೆಯ ವರ್ಗಮೂಲವನ್ನು 0.2ರಿಂದ ಗುಣಿಸಿ, ಬಂದಷ್ಟು ಮೀಟರ್ ಕಟ್ಟಡದ ಎತ್ತರಕ್ಕಿಂತ ಮೇಲೆ ಕೊಳವೆ ಹೋಗಬೇಕು. 250 ಕೆವಿಎ ಸೆಟ್ ಆದರೆ ಸುಮಾರು 3.2 ಮೀಟರ್. ಖರ್ಚಿಗೆ ಹೆದರಿ ಮೊದಲ ಮಹಡಿಗೇ ಕೊಳವೆ ನಿಲ್ಲಿಸಿದರೆ ಹೊಗೆ ಯಾರದೋ ಮಲಗುವ ಕೋಣೆ ಸೇರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಬೇಸ್‌ಮೆಂಟಿನಲ್ಲಿ ‘ಸ್ವಲ್ಪ ಹೊತ್ತು ತಾನೆ’ ಎಂದು ಓಡಿಸುವುದಂತೂ ಪ್ರಾಣದ ಜತೆ ಆಟ.

ಕೊಳವೆಯ ಭಾರ ಟರ್ಬೊ (ಎಂಜಿನ್‌ಗೆ ಗಾಳಿ ತುಂಬುವ ಭಾಗ) ಮೇಲೆ ಕೂರಬಾರದು. ನಡುವೆ ಬಳುಕುವ ಸ್ಟೀಲ್ ಬೆಲ್ಲೋಸ್ ಹಾಕಿ, ಕೊಳವೆಗೆ ಬೇರೆಯೇ ಆಧಾರ ಕೊಡಿಸಿ. ಬಾಗು ಕಡಿಮೆಯಿದ್ದಷ್ಟೂ ಎಂಜಿನ್ ಹಗುರಾಗಿ ಉಸಿರಾಡುತ್ತದೆ. ಕೈಗೆಟುಕುವ ಎತ್ತರದವರೆಗೆ ಶಾಖ ತಡೆಯುವ ರಾಕ್‌ವೂಲ್ ಸುತ್ತಿ ಮೇಲೆ ಅಲ್ಯೂಮಿನಿಯಂ ತಗಡು ಹೊದಿಸಿ. ಬರಿಯ ಆಸ್ಬೆಸ್ಟಾಸ್ ಹಗ್ಗ ಸುತ್ತಿ ಬಿಲ್ ಮಾಡುವವರಿಗೆ ದುಡ್ಡು ಕೊಡಬೇಡಿ.

5. ಅರ್ಥಿಂಗ್, ಚೇಂಜ್‌ಓವರ್

ನಾಲ್ಕು ಗುಂಡಿ ಬೇಕು. ಎರಡು ನ್ಯೂಟ್ರಲ್ ತಂತಿಗೆ, ಎರಡು ಸೆಟ್‌ನ ಲೋಹದ ಮೈಗೆ. ‘ಎಲ್ಲವನ್ನೂ ಒಂದಕ್ಕೇ ಸೇರಿಸಿದರೂ ಭೂಮಿ ಒಂದೇ ತಾನೆ’ ಎಂಬ ವೇದಾಂತಕ್ಕೆ ಕಿವಿಗೊಡಬೇಡಿ. ಗುಂಡಿಗಳ ನಡುವೆ ಅವುಗಳಲ್ಲಿ ಹೂಳುವ ಅರ್ಥಿಂಗ್ ಕೊಳವೆಯ ಉದ್ದದ ಎರಡರಷ್ಟು ಅಂತರ ಇರಲಿ. ಅರ್ಥಿಂಗ್ ಪ್ರತಿರೋಧದ ಅಳತೆಯನ್ನು ಮಳೆಗಾಲದಲ್ಲಲ್ಲ, ಬೇಸಿಗೆಯಲ್ಲಿ ತೆಗೆಸಿ.

ಚೇಂಜ್‌ಓವರ್ (ಬೆಸ್ಕಾಂ ಕರೆಂಟಿನಿಂದ ಜನರೇಟರ್‌ಗೆ ಬದಲಿಸುವ ಸ್ವಿಚ್) ನಾಲ್ಕು ಪೋಲಿನದೇ ಇರಲಿ, ನ್ಯೂಟ್ರಲ್ ಕೂಡ ಕಡಿಯುವಂಥದ್ದು. ಎರಡೂ ಮೂಲ ಒಟ್ಟಿಗೆ ಸೇರದಂತೆ ಇಂಟರ್‌ಲಾಕ್ ಬೇಕೇ ಬೇಕು. ಅದಿಲ್ಲದೆ ನಿಮ್ಮ ಕರೆಂಟ್ ಹಿಂದಕ್ಕೆ ಹರಿದರೆ ಟ್ರಾನ್ಸ್‌ಫಾರ್ಮರ್‌ನಲ್ಲಿ ಹೈ ವೋಲ್ಟೇಜ್ ಆಗಿ, ಲೈನ್ ಆಫ್ ಇದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ಹೊಡೆಯುತ್ತದೆ.

6. ಡೀಸೆಲ್

ಒಂದು ಜಾಗದಲ್ಲಿ ಒಟ್ಟು 2,500 ಲೀಟರ್ ಮೀರದೆ, ಯಾವ ಟ್ಯಾಂಕೂ 1,000 ಲೀಟರ್ ದಾಟದೆ ಇದ್ದರೆ ಪೆಟ್ರೋಲಿಯಂ ಲೈಸೆನ್ಸ್ ಬೇಕಿಲ್ಲ. ಎಲ್ಲೆಲ್ಲೂ 990 ಲೀಟರ್ ಟ್ಯಾಂಕೇ ಕಾಣುವುದು ಅದಕ್ಕೇ. ಪೈಪು ಕಪ್ಪು ಕಬ್ಬಿಣದ್ದಿರಲಿ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಸತು ಡೀಸೆಲ್ ಜತೆ ಸೇರಿ ಫಿಲ್ಟರ್ ಕಟ್ಟಿಸುತ್ತದೆ. ಪ್ಲಂಬರ್ ಏನೇ ಹೇಳಲಿ, ಬೇಡ. ಕಂಟೇನರ್ ಒಳಗೆ ಕ್ಯಾನು, ಪೊರಕೆ, ಹಳೆ ಬಟ್ಟೆ, ಪೇಂಟ್ ಡಬ್ಬ ಇಡುವಂತಿಲ್ಲ.

7. ಒಳಗೆ ಕೈಹಾಕುವ ಮುನ್ನ

ಆಟೊ ಮೋಡ್‌ನಲ್ಲಿರುವ ಸೆಟ್ ಯಾರನ್ನೂ ಕೇಳಿ ಶುರುವಾಗುವುದಿಲ್ಲ. ಫ್ಯಾನ್ ಬೆಲ್ಟ್ ಮೇಲೆ ಕೈಯಿರುವಾಗ ಬೆಸ್ಕಾಂ ಸಪ್ಲೈ ಹೋದರೆ ಕೆಲವೇ ಸೆಕೆಂಡಿನಲ್ಲಿ ತಿರುಗುತ್ತದೆ. ಮೊದಲು ಪ್ಯಾನಲ್ ಆಫ್, ಆಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ಪಕ್ಕಕ್ಕೆ, ಹ್ಯಾಂಡಲ್‌ಗೆ ‘ಕೆಲಸ ನಡೆಯುತ್ತಿದೆ’ ಎಂಬ ಬೋರ್ಡು. ಎಮರ್ಜೆನ್ಸಿ ಸ್ಟಾಪ್ ಗುಂಡಿ ಹೊರಗೋಡೆಯಲ್ಲಿರಲಿ, ಬೆಂಕಿ ಆರಿಸುವ ಸಿಲಿಂಡರ್ ಕೂಡ ಹೊರಗೇ. ಬಾಗಿಲು ಒಳಗಿನಿಂದ ಬೀಗದ ಕೈ ಇಲ್ಲದೆ ತೆರೆಯಬೇಕು. ತಾನಾಗಿ ಕಾರ್ಬನ್ ಡೈಆಕ್ಸೈಡ್ ಬಿಡುವ ವ್ಯವಸ್ಥೆ ಇದ್ದರೆ ಅದನ್ನು ಲಾಕ್ ಮಾಡದೆ ಯಾರೂ ಒಳಹೋಗಕೂಡದು. ಬೆಂಕಿ ಆರಿಸುವ ಆ ಅನಿಲ ಮನುಷ್ಯನ ಉಸಿರನ್ನೂ ನಿಲ್ಲಿಸುತ್ತದೆ.

8. ತಿಂಗಳ ಓಟ

ವಾರಕ್ಕೊಮ್ಮೆ ಐದು ನಿಮಿಷ ಖಾಲಿ ಓಡಿಸಿ ನಿಲ್ಲಿಸುವ ಪದ್ಧತಿ ಬಿಡಿ. ಲೋಡಿಲ್ಲದೆ ಓಡಿದರೆ ಪೂರ್ತಿ ಉರಿಯದ ಡೀಸೆಲ್ ಮಸಿಯಾಗಿ ಸೈಲೆನ್ಸರ್‌ನಲ್ಲಿ ಕೂರುತ್ತದೆ. ತಿಂಗಳಿಗೊಮ್ಮೆ ಲಿಫ್ಟು, ಪಂಪು ಎಲ್ಲ ಅದಕ್ಕೇ ಹಾಕಿ ಅರ್ಧ ಗಂಟೆ ಓಡಿಸಿ, ಹಗಲು ಹೊತ್ತಿನಲ್ಲಿ, ಬಾಗಿಲು ಮುಚ್ಚಿ.