ಬಿರುಕಿನ ಬಲೆ ಹೊತ್ತ ಹಸಿರು ಬಟ್ಟಲು: ಸೆಲಡಾನ್ ಟೀ ಕಪ್ ಆರಿಸುವುದು ಹೇಗೆ?

ಸೆಲಡಾನ್ ಅಂದರೆ ಹಸಿರು ಗಾಜುಮೆರುಗಿನ ಮಣ್ಣಿನ ಪಾತ್ರೆ. ಸೆಲಡಾನ್ ಟೀ ಕಪ್ಪಿನಲ್ಲಿ ಮೊದಲು ಕಣ್ಣು ಸೆಳೆಯುವುದು ಮೈತುಂಬ ಹರಡಿದ ಬಿರುಕಿನ ಬಲೆ. ತಿಳಿ ಹಸಿರು ಮೈ, ಅದರೊಳಗೆ ಕೂದಲೆಳೆಯಷ್ಟು ಸಣ್ಣ ಗೆರೆಗಳು. ಬೆಳಕಿಗೆ ಹಿಡಿದರೆ ಬಣ್ಣಕ್ಕೆ ಆಳ ಇದ್ದ ಹಾಗೆ ಕಾಣುತ್ತದೆ. ಮರುಳಾಗದೆ ಇರುವುದು ಕಷ್ಟವೇ. ಆದರೆ ಆ ಕಪ್ ಎಷ್ಟು ವರ್ಷ ಬಾಳುತ್ತದೆ ಅನ್ನುವುದು ಗೆರೆಗಳ ಕೆಳಗಿರುವ ಮಣ್ಣಿನ ಮೇಲೆ ನಿಂತಿದೆ. ಹಾಗಾಗಿ ಕೈಗೆ ತೆಗೆದುಕೊಂಡ ಕೂಡಲೇ ಕಪ್ಪನ್ನು ತಲೆಕೆಳಗು ಮಾಡಿ. ಕೊಳ್ಳಬೇಕೋ ಬೇಡವೋ ಎಂಬುದಕ್ಕೆ ಬೇಕಾದ ಮುಕ್ಕಾಲು ಉತ್ತರ ತಳದಲ್ಲೇ ಸಿಗುತ್ತದೆ.

ಗೆರೆ ಬರುವುದು ಹೇಗೆ ಅಂತ ತಿಳಿದುಕೊಳ್ಳಿ

ಸೆಲಡಾನ್ ಹಸಿರಿಗೆ ಕಾರಣ ಕಬ್ಬಿಣ. ಕಪ್ಪಿನ ಮೇಲೆ ಹಚ್ಚುವ, ಬೆಂದಾಗ ಗಾಜಿನಂತಾಗುವ ಲೇಪಕ್ಕೆ ಗ್ಲೇಜ್ ಅನ್ನುತ್ತಾರೆ. ಅದರಲ್ಲಿ ಸುಮಾರು 1ರಿಂದ 3 ಶೇಕಡಾ ಕಬ್ಬಿಣದ ಆಕ್ಸೈಡ್ ಇರುತ್ತದೆ. ಆವಿಗೆಯನ್ನು 1200ರಿಂದ 1300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಕಾಯುವಾಗ ಒಳಗೆ ಗಾಳಿ ಕಡಿಮೆ ಬಿಟ್ಟು, ಉರಿಗೆ ಆಮ್ಲಜನಕ ಸಾಲದಂತೆ ಮಾಡುತ್ತಾರೆ. ಆಗ ಬೆಂಕಿ ಗ್ಲೇಜ್‌ನೊಳಗಿನ ಕಬ್ಬಿಣದಿಂದಲೇ ಆಮ್ಲಜನಕ ಎಳೆದುಕೊಳ್ಳುತ್ತದೆ, ಹಸಿರೋ ನೀಲಿಹಸಿರೋ ಬಣ್ಣ ಬರುತ್ತದೆ. ಗಾಳಿ ಜಾಸ್ತಿಯಾದರೆ ಅದೇ ಗ್ಲೇಜ್ ಹಳದಿಗೆ, ಕಂದಿಗೆ ತಿರುಗುತ್ತದೆ. ಒಂದೇ ಆವಿಗೆಯಲ್ಲಿ ಬೆಂದ ಎರಡು ಕಪ್‌ಗಳ ಬಣ್ಣ ಬೇರೆ ಬೇರೆ ಇರುವುದು ಇದರಿಂದಲೇ. ಅದನ್ನು ದೋಷ ಅಂತ ತಿಳಿಯಬೇಡಿ.

ಬಿರುಕು ಬರುವುದು ಆವಿಗೆ ತಣ್ಣಗಾಗುವಾಗ. ಮಣ್ಣೂ ಕುಗ್ಗುತ್ತದೆ, ಅದರ ಮೇಲಿನ ಗ್ಲೇಜೂ ಕುಗ್ಗುತ್ತದೆ. ಗ್ಲೇಜ್ ಮಣ್ಣಿಗಿಂತ ಜಾಸ್ತಿ ಕುಗ್ಗಿದರೆ ಅದು ಮೈಗೆ ಬಿಗಿಯಾದ ಅಂಗಿಯಂತೆ ಎಳೆದುಕೊಂಡು ಅಲ್ಲಲ್ಲಿ ಸೀಳುತ್ತದೆ. ಆವಿಗೆಯಿಂದ ಹೊರಬಂದ ಕಪ್‌ಗಳು ಟಿಣ್ ಟಿಣ್ ಅಂತ ಸದ್ದು ಮಾಡುವುದು ಇದಕ್ಕೇ. ಗೆರೆ ಮೂಡುವುದು ಆ ದಿನಕ್ಕೇ ನಿಲ್ಲುವುದಿಲ್ಲ, ತಿಂಗಳುಗಟ್ಟಲೆ ಮುಂದುವರಿಯಬಹುದು. ಕೊಂಡು ತಂದ ಮೇಲೆ ಹೊಸ ಗೆರೆ ಕಂಡರೆ ಗಾಬರಿ ಬೇಡ.

ಬೇರೆ ಪಾತ್ರೆಗಳಲ್ಲಿ ಕುಂಬಾರರು ಇದನ್ನು ತಪ್ಪು ಅಂತಲೇ ಎಣಿಸುತ್ತಾರೆ. ಅದನ್ನು ಬೇಕೆಂದೇ ತರಿಸಿ ಚೆಲುವಾಗಿಸಿದವರು ಚೀನಾದ ಸಾಂಗ್ ಕಾಲದ (960–1279) ಕುಶಲಿಗರು. ಅಲ್ಲಿನ ಲಾಂಗ್‌ಚುವಾನ್ ಊರಿನಲ್ಲಿ ಇಬ್ಬರು ಅಣ್ಣತಮ್ಮಂದಿರ ಕಥೆ ಹೇಳುತ್ತಾರೆ. ಅಣ್ಣನ ಆವಿಗೆಯಲ್ಲಿ ಬಿರುಕಿನ ಪಾತ್ರೆ, ತಮ್ಮನ ಆವಿಗೆಯಲ್ಲಿ ಬಿರುಕಿಲ್ಲದ ನುಣುಪು ಪಾತ್ರೆ. ಅಣ್ಣನ ಶೈಲಿಗೆ ‘ಗೆ’ ಎಂದೂ ತಮ್ಮನ ಶೈಲಿಗೆ ‘ದಿ’ ಎಂದೂ ಹೆಸರು. ಗೆ ಶೈಲಿಯಲ್ಲಿ ದೊಡ್ಡ ಗೆರೆ ಕಪ್ಪಗೆ, ನಡುವಿನ ಸಣ್ಣ ಗೆರೆ ಹೊಂಬಣ್ಣಕ್ಕೆ ಇರುತ್ತದೆ. ಚೀನೀಯರು ಅದನ್ನು ‘ಚಿನ್ನದ ನೂಲು, ಕಬ್ಬಿಣದ ತಂತಿ’ ಅನ್ನುತ್ತಾರೆ.

ಅದೇ ಕಾಲದ ‘ರು’ ಎಂಬ ಇನ್ನೊಂದು ಶೈಲಿಯ ಪಾತ್ರೆಗಳಲ್ಲಿ ಇಂದು ಉಳಿದಿರುವುದು ನೂರಕ್ಕೂ ಕಡಿಮೆ. 2017ರಲ್ಲಿ ಹಾಂಗ್‌ಕಾಂಗ್‌ನ ಹರಾಜಿನಲ್ಲಿ ಅಂಥ ಒಂದು ಸಣ್ಣ ಬಟ್ಟಲು 29.43 ಕೋಟಿ ಹಾಂಗ್‌ಕಾಂಗ್ ಡಾಲರ್‌ಗೆ ಹೋಯಿತು. ‘ಸಾಂಗ್ ಕಾಲದ ಅಸಲಿ ಕಪ್’ ಅಂತ ಯಾರಾದರೂ ಅಗ್ಗಕ್ಕೆ ಕೊಡಲು ಬಂದರೆ ಸುಮ್ನೆ ಮುಂದೆ ಹೋಗಿ. ಇಂದಿನ ಕುಶಲಿಗರು ಮಾಡಿದ ಒಳ್ಳೆಯ ಕಪ್ ಕೊಳ್ಳುವುದರಲ್ಲೇ ಸುಖ ಇದೆ.

ಯಾವ ನೆಲದ ಕಪ್ ಬೇಕು?

ಮಾರುಕಟ್ಟೆಯಲ್ಲಿ ಕಾಣುವ ಬಿರುಕಿನ ಸೆಲಡಾನ್ ಒಂದೇ ಬಗೆಯದ್ದಲ್ಲ. ಚೀನಾದ ಜೆಜಿಯಾಂಗ್ ಪ್ರಾಂತದ ಲಾಂಗ್‌ಚುವಾನ್ ಇದರ ದೊಡ್ಡ ತವರು. ಅಲ್ಲಿ ಸೆಲಡಾನ್ ಬೇಯಿಸುವ ಸಾಂಪ್ರದಾಯಿಕ ವಿದ್ಯೆಯನ್ನು ಯುನೆಸ್ಕೊ 2009ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಗ್ಲೇಜ್ ದಪ್ಪ, ಹರಳುಪಚ್ಚೆಯ ತಂಪು ಬಣ್ಣ. ಹೆನಾನ್ ಕಡೆಯ ರು ಶೈಲಿಯ ಕಪ್‌ಗಳು ಮಬ್ಬು ನೀಲಿಹಸಿರು. ಹೊಸದಾಗಿದ್ದಾಗ ಗೆರೆ ಕಂಡೂ ಕಾಣದಂತಿದ್ದು, ಟೀ ಕುಡಿದಂತೆಲ್ಲ ಎದ್ದು ಕಾಣತೊಡಗುತ್ತದೆ. ಬಳಸುತ್ತ ಬಳಸುತ್ತ ಕಪ್ ಬದಲಾಗಬೇಕು ಅನ್ನುವವರಿಗೆ ಇದು ಸರಿ.

ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ನಲ್ಲಿ ಕಟ್ಟಿಗೆಯ ಬೂದಿ ಸೇರಿಸಿದ ಗ್ಲೇಜ್ ಬಳಸುತ್ತಾರೆ. ಪಾರದರ್ಶಕವಾಗಿ ಹೊಳೆಯುವ ಹಸಿರು, ಒತ್ತೊತ್ತಾದ ಬಿರುಕು. ಕೊರಿಯಾದಲ್ಲಿ ಗೊರ್ಯೊ ಅರಸರ ಕಾಲದ ಪರಂಪರೆ ಇದೆ. ಅಲ್ಲಿ ಮೈ ಕೊರೆದು ಬಿಳಿ, ಕಪ್ಪು ಮಣ್ಣು ತುಂಬಿ ಚಿತ್ತಾರ ಮಾಡುವುದೇ ಮುಖ್ಯ, ಬಿರುಕು ಹಿನ್ನೆಲೆಗೆ. ಜಪಾನಿನ ಫುಕುಶಿಮಾ ಪ್ರಾಂತದ ಓಬೋರಿ ಸೋಮಾ ಕಪ್‌ಗಳು 300 ವರ್ಷಕ್ಕೂ ಹಳೆಯ ಕಸುಬಿನವು. ಬಿರುಕಿಗೆ ಕಪ್ಪು ಮಸಿ ಉಜ್ಜುತ್ತಾರೆ, ಓಡುವ ಕುದುರೆಯ ಚಿತ್ರ ಬರೆಯುತ್ತಾರೆ. ಗೋಡೆ ಎರಡು ಪದರದ್ದಾದ್ದರಿಂದ ಟೀ ಬಿಸಿ ಇದ್ದರೂ ಕೈ ಸುಡುವುದಿಲ್ಲ. 2011ರ ಭೂಕಂಪ ಮತ್ತು ಅಣುಸ್ಥಾವರದ ದುರಂತದ ಬಳಿಕ ಆ ಕುಂಬಾರರು ನಮಿಯೆ ಪಟ್ಟಣ ಬಿಟ್ಟು ಬೇರೆ ಊರುಗಳಲ್ಲಿ ಆವಿಗೆ ಕಟ್ಟಬೇಕಾಯಿತು. ಅವರ ಕಪ್ ಕೊಳ್ಳುವುದು ಒಂದು ಕಸುಬಿಗೆ ಆಸರೆ ಕೊಟ್ಟಂತೆಯೂ ಹೌದು.

ಈಗ ತಳ ನೋಡಿ

ತಳದ ಉಂಗುರದಲ್ಲಿ ಸಾಮಾನ್ಯವಾಗಿ ಗ್ಲೇಜ್ ಇರುವುದಿಲ್ಲ. ಅಲ್ಲಿ ಮಣ್ಣು ಬರಿಮೈಯಲ್ಲಿ ಕಾಣುತ್ತದೆ. ಬೆರಳಾಡಿಸಿ. ಚೆನ್ನಾಗಿ ಬೆಂದ ಮಣ್ಣು ಗಟ್ಟಿಯಾಗಿ, ಕಲ್ಲಿನ ನುಣುಪಿನಲ್ಲಿ ಇರುತ್ತದೆ. ಸರಿಯಾಗಿ ಬೇಯದ ಮಣ್ಣು ಪುಡಿಪುಡಿ ಅನ್ನಿಸುತ್ತದೆ. ಅಂಗಡಿಯವರು ಒಪ್ಪಿದರೆ ಆ ಜಾಗಕ್ಕೆ ಒಂದು ಹನಿ ನೀರು ಹಾಕಿ. ಹನಿ ಹಾಗೇ ನಿಂತರೆ ಒಳ್ಳೆಯದು. ನೋಡನೋಡುತ್ತ ಇಂಗಿಹೋದರೆ ಮಣ್ಣು ನೀರು ಕುಡಿಯುತ್ತಿದೆ ಎಂದರ್ಥ.

ಇದು ಯಾಕೆ ಇಷ್ಟು ಮುಖ್ಯ? ಬಿರುಕಿಲ್ಲದ ಕಪ್ಪಿನಲ್ಲಿ ಗ್ಲೇಜೇ ನೀರನ್ನು ತಡೆಯುತ್ತದೆ. ಬಿರುಕಿನ ಕಪ್ಪಿನಲ್ಲಿ ಟೀ ಗೆರೆಗಳ ಮೂಲಕ ಮಣ್ಣಿನ ತನಕ ಇಳಿಯುತ್ತದೆ. ಮಣ್ಣು ಗಟ್ಟಿಯಾಗಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಇಲ್ಲದಿದ್ದರೆ ಒಳಗೆ ಹೀರಿಕೊಂಡು ತಳದಲ್ಲಿ ಒಸರುತ್ತದೆ, ವಾಸನೆ ಹಿಡಿಯುತ್ತದೆ, ನೆನೆದ ಮಣ್ಣು ಉಬ್ಬಿ ಹೊಸ ಬಿರುಕುಗಳನ್ನೂ ತರುತ್ತದೆ. ಪೋರ್ಸಿಲೇನ್ (ಪಿಂಗಾಣಿ) ಮಣ್ಣು ತನ್ನ ತೂಕದ 0.5 ಶೇಕಡಾಕ್ಕಿಂತ ಕಡಿಮೆ ನೀರು ಹೀರುತ್ತದೆ. ಸ್ಟೋನ್‌ವೇರ್, ಅಂದರೆ ಹೆಚ್ಚು ಶಾಖದಲ್ಲಿ ಬೆಂದ ಕಲ್ಲಿನಂಥ ಮಣ್ಣು, ಸ್ವಲ್ಪ ಜಾಸ್ತಿ. ಟೀ ಕಪ್‌ಗೆ 2 ಶೇಕಡಾ ದಾಟದಿದ್ದರೆ ನೆಮ್ಮದಿ.

ಮನೆಗೆ ತಂದ ದಿನವೇ ಒಂದು ಪರೀಕ್ಷೆ ಮಾಡಿ. ಕಪ್ ತುಂಬ ನೀರು ಹಾಕಿ, ಒಣ ಕಾಗದದ ಮೇಲೆ ರಾತ್ರಿಯಿಡೀ ಇಡಿ. ಬೆಳಿಗ್ಗೆ ಕಾಗದದಲ್ಲಿ ಒದ್ದೆ ಉಂಗುರ ಮೂಡಿದ್ದರೆ ಹಿಂತಿರುಗಿಸುವ ಅವಧಿ ಮುಗಿಯುವ ಮೊದಲೇ ವಾಪಸ್ ಮಾಡಿ. ಈ ಒಂದು ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ.

ಗೆ ಶೈಲಿಯ ಕಪ್ ಆದರೆ ತಳದ ಮಣ್ಣು ಕಡುಕಂದು ಇರಬೇಕು. ಬಾಯಂಚಿನಲ್ಲಿ ಗ್ಲೇಜ್ ತೆಳುವಾಗಿ ಅದೇ ಮಣ್ಣಿನ ಛಾಯೆ ಇಣುಕುತ್ತದೆ. ಬರೀ ಬಣ್ಣ ಬಳಿದು ಕಪ್ಪು ಮಾಡಿದ ತಳವೂ ಇದೆ, ಅದು ಒಂದೇ ಸಮ ಇರುತ್ತದೆ. ರು ಶೈಲಿಯಲ್ಲಿ ತಳಕ್ಕೂ ಗ್ಲೇಜ್ ಹಚ್ಚಿ ಸಣ್ಣ ಮುಳ್ಳುಗಳ ಮೇಲೆ ನಿಲ್ಲಿಸಿ ಬೇಯಿಸುತ್ತಾರೆ. ಎಳ್ಳಿನ ಗಾತ್ರದ ಮೂರೋ ಐದೋ ಗುರುತು ಕಂಡರೆ ಅದು ಕೆಲಸದ ಕ್ರಮ, ಕೆಟ್ಟ ಗುರುತಲ್ಲ. ಅಂಥ ಕಪ್ಪಿನಲ್ಲಿ ಬರಿಮಣ್ಣು ಕಾಣುವುದು ಆ ಚುಕ್ಕೆಗಳಲ್ಲಿ ಮಾತ್ರ. ಹನಿಯ ಪರೀಕ್ಷೆ ಅಲ್ಲಿ ನಡೆಯುವುದಿಲ್ಲ, ಕಾಗದದ ಪರೀಕ್ಷೆಯೇ ಗತಿ.

ಬಿರುಕು ಯಾವುದು, ಒಡಕು ಯಾವುದು?

ಜಾಸ್ತಿ ಜನ ಎಡವುವುದು ಇಲ್ಲೇ. ಗ್ಲೇಜ್‌ನ ಬಿರುಕು ಗ್ಲೇಜ್‌ನೊಳಗೇ ಇರುತ್ತದೆ. ಒಡಕು ಮಣ್ಣನ್ನೂ ಸೀಳಿರುತ್ತದೆ. ಬಲೆಯಂತೆ ಒಂದಕ್ಕೊಂದು ಕೂಡಿಕೊಂಡ ಗೆರೆಗಳು ಗ್ಲೇಜ್‌ನವು. ಬಾಯಂಚಿನಿಂದ ಹೊರಟು ಒಂಟಿಯಾಗಿ ಕೆಳಗಿಳಿಯುವ ಗೆರೆ ಕಂಡರೆ ಅನುಮಾನಪಡಿ. ಅದೇ ಗೆರೆ ಅದೇ ಜಾಗದಲ್ಲಿ ಹೊರಗೂ ಒಳಗೂ ಇದೆಯಾ ನೋಡಿ. ಉಗುರು ಅಡ್ಡ ಹಾಯಿಸಿ. ಗ್ಲೇಜ್‌ನ ಗೆರೆಗೆ ಉಗುರು ಸಿಕ್ಕುವುದಿಲ್ಲ, ಒಡಕಿಗೆ ಸಿಕ್ಕೀತು. ಬಾಯಂಚು ಮತ್ತು ಹಿಡಿ ಅಂಟಿರುವ ಜಾಗ, ಈ ಎರಡನ್ನು ನಿಧಾನವಾಗಿ ನೋಡಿ.

ಬೆರಳಿನಿಂದ ತಟ್ಟಿ ಸದ್ದು ಕೇಳುವುದೂ ಒಂದು ದಾರಿ. ಆದರೆ ಬಿರುಕಿನ ಕಪ್ ಬಿರುಕಿಲ್ಲದ ಕಪ್ಪಿನಷ್ಟು ಗಣಗಣ ಅನ್ನುವುದಿಲ್ಲ. ಹಾಗಾಗಿ ಅದೇ ಸೆಟ್ಟಿನ ಎರಡು ಕಪ್ ತಟ್ಟಿ ಹೋಲಿಸಿ. ಒಂದು ಮಾತ್ರ ಬೊಕ್ಕೆನ್ನುವ ಸದ್ದು ಕೊಟ್ಟರೆ ಅದನ್ನು ಬಿಡಿ.

ಗೆರೆಯನ್ನೇ ಮುದ್ರಿಸಿದ ಕಪ್‌ಗಳೂ ಬರುತ್ತವೆ. 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು. ನಿಜವಾದ ಬಿರುಕು ಗ್ಲೇಜ್‌ನ ಆಳಕ್ಕೆ ಇಳಿದಿರುತ್ತದೆ, ಕಪ್ ತಿರುಗಿಸಿದರೆ ಬೆಳಕು ಗೆರೆಯ ಒಳಗೋಡೆಗೆ ತಾಗಿ ಮಿನುಗುತ್ತದೆ. ಮುದ್ರಿಸಿದ ಗೆರೆ ಚಪ್ಪಟೆ. ಎರಡು ಕಪ್‌ಗಳಲ್ಲಿ ಒಂದೇ ವಿನ್ಯಾಸ ಮರುಕಳಿಸಿದರೆ ಅನುಮಾನವೇ ಬೇಡ. ನಿಜದ ಬಲೆ ಗ್ಲೇಜ್ ದಪ್ಪ ಇರುವಲ್ಲಿ ಅಗಲವಾಗಿ, ತೆಳುವಿರುವಲ್ಲಿ ಒತ್ತಾಗಿ ಇರುತ್ತದೆ.

ಮಸಿ ಅಥವಾ ಟೀ ಹಚ್ಚಿ ಮೊದಲೇ ಗೆರೆ ಕಪ್ಪಾಗಿಸಿದ್ದಾರಾ ಅಂತ ಕೇಳಿ. ಅದು ಹಳೆಯ ಪದ್ಧತಿ, ಮೋಸವಲ್ಲ. ಆದರೆ ಒದ್ದೆ ಬಿಳಿ ಬಟ್ಟೆಯಿಂದ ಒರೆಸಿದಾಗ ಬಣ್ಣ ಬಿಟ್ಟರೆ ಆ ಕಪ್‌ನಲ್ಲಿ ಕುಡಿಯುವುದು ಬೇಡ.

ಕೈಕೆಲಸವೋ, ಅಚ್ಚಿನದೋ?

ತಿಗರಿಯ ಮೇಲೆ ಎತ್ತಿದ ಕಪ್ಪಿನ ಒಳಗೆ ಬೆರಳಿನ ಸುತ್ತುಗೆರೆ ಸಿಗುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ತಳದಲ್ಲಿ ಕೆತ್ತಿದ ಉಳಿಯ ಗುರುತಿರುತ್ತದೆ. ಜೋಡಿ ಕಪ್‌ಗಳಲ್ಲಿ ತೂಕ, ಎತ್ತರ ಕೂದಲಷ್ಟು ಹೆಚ್ಚುಕಮ್ಮಿ ಇರುತ್ತದೆ. ಅಚ್ಚಿನ ಕಪ್ಪಿನಲ್ಲಿ ಜೋಡಣೆಯ ಸಣ್ಣ ಏಣು ಉಳಿದಿರಬಹುದು. ಅಚ್ಚಿನದೆಂದರೆ ಕೆಟ್ಟದ್ದಲ್ಲ. ‘ಕೈಯಲ್ಲಿ ಮಾಡಿದ್ದು’ ಮತ್ತು ‘ಕೈಯಲ್ಲಿ ಗ್ಲೇಜ್ ಹಚ್ಚಿದ್ದು’ ಎರಡೂ ಒಂದೇ ಅಲ್ಲ ಅಲ್ವಾ? ಬೆಲೆ ಕೇಳುವಾಗ ಆ ವ್ಯತ್ಯಾಸವನ್ನೂ ಕೇಳಿ.

ನಿಮ್ಮ ಟೀಗೆ ಹೊಂದುತ್ತದೆಯೇ?

ಚೀನೀ ಪದ್ಧತಿಯಲ್ಲಿ ಮತ್ತೆ ಮತ್ತೆ ಬಗ್ಗಿಸಿ ಕುಡಿಯುವವರಿಗೆ 30ರಿಂದ 80 ಮಿಲಿಲೀಟರ್ ಸಾಕು. ದಿನದ ಟೀಗೆ 150ರಿಂದ 200 ಬೇಕು. ಅಂಚಿನವರೆಗಿನ ಅಳತೆಯೋ, ಕುಡಿಯುವ ಅಳತೆಯೋ ಅಂತ ಕೇಳಿಕೊಳ್ಳಿ. ಬಾಯಂಚು ತೆಳುವಾಗಿ ಸ್ವಲ್ಪ ಹೊರಬಾಗಿದ್ದರೆ ತುಟಿಗೆ ಹಿತ, ಹಿಡಿಯಿಲ್ಲದ ಕಪ್ಪನ್ನು ಬಿಸಿ ತಾಗದಂತೆ ಹಿಡಿಯಲೂ ಸುಲಭ.

ಒಳಬಣ್ಣದ ಬಗ್ಗೆ ಯೋಚಿಸುವವರು ಕಡಿಮೆ. ಹಸಿರು ಬಟ್ಟಲಿನಲ್ಲಿ ಗ್ರೀನ್ ಟೀ ಇನ್ನಷ್ಟು ಹಸಿರಾಗಿ ಕಾಣುತ್ತದೆ. 8ನೇ ಶತಮಾನದ ಚೀನೀ ಟೀ ಪಂಡಿತ ಲು ಯು ಇದೇ ಕಾರಣಕ್ಕೆ ಬಿಳಿ ಬಟ್ಟಲಿಗಿಂತ ಅಲ್ಲಿನ ಯುಯೆ ಪ್ರದೇಶದ ಆವಿಗೆಗಳ ಹಸಿರು ಬಟ್ಟಲನ್ನು ಮೆಚ್ಚಿದ್ದ. ಕೆಂಪು ಬಣ್ಣದ ಟೀ ಅದರಲ್ಲಿ ಮಂಕಾಗುತ್ತದೆ. ಅಂಥ ಟೀ ಕುಡಿಯುವವರಿಗೆ ಒಳಗೆ ಬಿಳಿ ಇರುವ ಕಪ್ ಸೂಕ್ತ. ಹಾಲು ಹಾಕಿದ ಟೀಗೆ ಒಳಗೂ ಬಿರುಕಿರುವ ಕಪ್ ಬೇಡವೇ ಬೇಡ. ಹಾಲಿನ ಅಂಶ ಗೆರೆಯಲ್ಲಿ ಕೂತರೆ ವಾಸನೆ ಹೋಗುವುದು ಕಷ್ಟ. ಹೊರಗೆ ಮಾತ್ರ ಬಿರುಕಿರುವ ಕಪ್ ಹುಡುಕಿ.

ಸೀಸದ ಬಗ್ಗೆ

1200 ಡಿಗ್ರಿ ದಾಟಿ ಬೇಯುವ ನಿಜವಾದ ಸೆಲಡಾನ್‌ಗೆ ಗ್ಲೇಜ್ ಕರಗಿಸಲು ಸೀಸ ಬೇಕಾಗುವುದಿಲ್ಲ. ಕಡಿಮೆ ಶಾಖದಲ್ಲಿ ಬೆಂದ ಗಾಢ ಹಸಿರಿನ ನಕಲಿಗಳಲ್ಲಿ, ಗ್ಲೇಜ್‌ನ ಮೇಲೆ ಬರೆದ ಬಣ್ಣದ ಚಿತ್ರಗಳಲ್ಲಿ ಅಪಾಯ ಇದೆ. 4 ಶೇಕಡಾ ಅಸಿಟಿಕ್ ಆಮ್ಲವನ್ನು 24 ಗಂಟೆ ತುಂಬಿಟ್ಟು, ಎಷ್ಟು ಸೀಸ ಬಿಟ್ಟಿತು ಅಂತ ಪ್ರಯೋಗಾಲಯಗಳು ಅಳೆಯುತ್ತವೆ. ಅಮೆರಿಕದಲ್ಲಿ ಕಪ್‌ಗಳಿಗೆ ಇರುವ ಮಿತಿ ಲೀಟರಿಗೆ 0.5 ಮಿಲಿಗ್ರಾಂ. ಮಾರುವವರಲ್ಲಿ ಆ ವರದಿ ಇದೆಯೇ ಕೇಳಿ, ನಾಚಿಕೆ ಬೇಡ.

ಆನ್‌ಲೈನ್‌ನಲ್ಲಿ ಕೊಳ್ಳುವಾಗ ತಳದ ಫೋಟೊ, ಹಗಲು ಬೆಳಕಿನ ವಿಡಿಯೊ, ಮಿಲಿಲೀಟರ್, ತೂಕ, ಬೇಯಿಸಿದ ಶಾಖ, ವಾಪಸಾತಿ ನಿಯಮ ಇಷ್ಟನ್ನೂ ಹಣ ಕೊಡುವ ಮೊದಲೇ ಕೇಳಿ ಪಡೆಯಿರಿ. ತಳದ ಫೋಟೊ ಕೊಡಲು ಹಿಂಜರಿಯುವವರ ಹತ್ತಿರ ಕೊಳ್ಳಬೇಡಿ.

ತಂದ ಮೇಲೆ

ಕಾಗದದ ಪರೀಕ್ಷೆ ಮುಗಿದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಬಿರುಕಿನ ಕಪ್ ಬಿರುಕಿಲ್ಲದ ಕಪ್ಪಿಗಿಂತ ಸ್ವಲ್ಪ ದುರ್ಬಲ. ತಣ್ಣಗಿರುವ ಕಪ್ಪಿಗೆ ಕುದಿಯುವ ನೀರು ಒಮ್ಮೆಲೇ ಸುರಿಯಬೇಡಿ, ಮೊದಲು ಬಿಸಿನೀರಲ್ಲಿ ಒಂದು ಸುತ್ತು ಆಡಿಸಿ. ಮೈಕ್ರೊವೇವ್, ಡಿಶ್‌ವಾಷರ್ ಎರಡೂ ಬೇಡ.

ಗೆರೆ ಚೆನ್ನಾಗಿ ಮೂಡಬೇಕೆಂದರೆ ಒಂದು ಕಪ್ಪಿಗೆ ಒಂದೇ ಬಗೆಯ ಟೀ ಬಳಸಿ. ಪು-ಅರ್ ಎಂಬ ಚೀನೀ ಟೀ, ಬ್ಲ್ಯಾಕ್ ಟೀ ಬೇಗ ಬಣ್ಣ ಕೊಡುತ್ತವೆ, ಗ್ರೀನ್ ಟೀ ನಿಧಾನ. ಬೇಗ ಆಗಲಿ ಅಂತ ಟೀಯನ್ನು ದಿನಗಟ್ಟಲೆ ಕಪ್ಪಿನಲ್ಲೇ ನೆನೆಹಾಕಬೇಡಿ, ಬೂಷ್ಟು ಬಂದೀತು. ಕುಡಿದ ಕೂಡಲೇ ತೊಳೆದು, ಬೋರಲು ಹಾಕಿ, ಗಾಳಿಯಲ್ಲಿ ಪೂರ್ತಿ ಒಣಗಿಸಿ ಆಮೇಲೆ ಕಪಾಟಿಗೆ ಇಡಿ. ಕಲೆ ಜಾಸ್ತಿ ಅನ್ನಿಸಿದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ನೆನೆಸಿ. ಮೇಲಿನದು ಹೋಗುತ್ತದೆ, ಗೆರೆಯೊಳಗಿನದು ಪೂರ್ತಿ ಹೋಗುವುದಿಲ್ಲ. ತೊಳೆದು ಒಣಗಿಸಿದ ಮೇಲೂ ಮುಗ್ಗಲು ವಾಸನೆ ಬಂದರೆ, ತಳದಲ್ಲಿ ಒಸರು ಕಂಡರೆ ಅಥವಾ ಬಾಯಂಚಿನಲ್ಲಿ ಗ್ಲೇಜ್‌ನ ಚೂರು ಎದ್ದರೆ ಆ ಕಪ್ಪಿನಲ್ಲಿ ಕುಡಿಯುವುದನ್ನು ಅಲ್ಲಿಗೇ ನಿಲ್ಲಿಸಿ.